ಎಚ್ಚರಿಕೆಯ ಮಾತು ಸಾಕು, ಏರ್ಪಾಡಿನ ಮಾತು ಬರಲಿ

ಸಂಪಾದಕರಿಗೆ,

ಮಾನ್ಯರೇ,

ಆನ್‌ಲೈನ್ ವಂಚನೆಯ ಸುದ್ದಿ ಅಚ್ಚಾದಾಗಲೆಲ್ಲ ಅದರ ಪಕ್ಕದಲ್ಲಿ ಒಂದು ಪುಟ್ಟ ಚೌಕ ಇರುತ್ತದೆ: ಅಪರಿಚಿತ ಲಿಂಕ್ ಒತ್ತಬೇಡಿ, ಒಟಿಪಿ ಹೇಳಬೇಡಿ, ಎಚ್ಚರದಿಂದಿರಿ. ಮೂರೂ ಸರಿಯಾದ ಮಾತೇ. ಆದರೆ ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುವವರಿಗೆ ದಿನವಿಡೀ ಅಪರಿಚಿತರ ಇಮೇಲ್ ತೆರೆಯುವುದು, ಲಿಂಕ್ ಒತ್ತುವುದೇ ಉದ್ಯೋಗ. ಅವರು ಎಷ್ಟೇ ಚುರುಕಾಗಿದ್ದರೂ ಮೈ ಹುಷಾರಿಲ್ಲದ ದಿನ, ತಿಂಗಳ ಕೊನೆಯ ಸಂಜೆ, ಎರಡು ಫೋನ್ ಒಟ್ಟಿಗೆ ಬಾರಿಸುವ ಹೊತ್ತಿನಲ್ಲಿ ಎಚ್ಚರ ತಪ್ಪಿಯೇ ತಪ್ಪುತ್ತದೆ. ವಂಚಕ ಕಾದು ಕೂತಿರುವುದು ಆ ಗಳಿಗೆಗೇ. ಬಿಡುವಿದ್ದಾಗ ಮಾಡಿಟ್ಟುಕೊಂಡ ಏರ್ಪಾಡು ಮಾತ್ರ ಅಂಥ ಹೊತ್ತಿನಲ್ಲಿ ಕಾಯುತ್ತದೆ: ತಪ್ಪು ಆಗಲಿ, ಆದರೆ ಆ ಒಂದು ತಪ್ಪಿಗೆ ಎಲ್ಲವೂ ಹೋಗದಿರಲಿ. ಆ ಏರ್ಪಾಡು ಏನೇನು ಎಂದು ಸ್ವಲ್ಪ ವಿವರವಾಗಿ ಬರೆದಿದ್ದೇನೆ. ಉದ್ದವಾಯಿತೆಂದು ಕತ್ತರಿಸುವುದಾದರೆ ಪಾಸ್‌ವರ್ಡಿನ ಭಾಗಕ್ಕೆ ಕತ್ತರಿ ಹಾಕಿ. ಬಿಲ್ಲಿನ ಭಾಗ ಮತ್ತು ಬ್ಯಾಕಪ್ ಭಾಗ ದಯವಿಟ್ಟು ಉಳಿಯಲಿ.

ಮೊದಲು ಇಮೇಲ್. ಬ್ಯಾಂಕ್ ಖಾತೆಗಿಂತ ಮೊದಲು ಇದನ್ನು ಭದ್ರ ಮಾಡಿ ಎಂದರೆ ‘ನನ್ನ ಇಮೇಲಿನಲ್ಲಿ ಕದಿಯುವಂಥದ್ದು ಏನಿದೆ’ ಎಂದು ನಗುವವರೇ ಹೆಚ್ಚು. ಅದರಲ್ಲಿರುವುದು ಬರೀ ಪತ್ರಗಳಲ್ಲ, ಬೀಗದಕೈ ಗೊಂಚಲು. ಸಾಮಾಜಿಕ ಜಾಲತಾಣ, ಫೋಟೊ ಸಂಗ್ರಹ, ಆನ್‌ಲೈನ್ ಖರೀದಿ, ಜಾಹೀರಾತು ಖಾತೆ, ಡೊಮೇನ್ (ನಿಮ್ಮ ವೆಬ್‌ಸೈಟಿನ ಹೆಸರು) ಎಲ್ಲದರಲ್ಲೂ ‘ಪಾಸ್‌ವರ್ಡ್ ಮರೆತಿರಾ?’ ಎಂಬುದನ್ನು ಒತ್ತಿದರೆ ಹೊಸ ಪಾಸ್‌ವರ್ಡಿನ ಲಿಂಕ್ ಬಂದು ಬೀಳುವುದು ಅಲ್ಲಿಗೇ. ಇಮೇಲ್ ಕೈಗೆ ಸಿಕ್ಕವನಿಗೆ ಮಿಕ್ಕದ್ದೆಲ್ಲ ಅರ್ಧ ಗಂಟೆಯ ಕೆಲಸ. ಹಾಗಾಗಿ ಇಮೇಲಿಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ, ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಕೋಡ್ ಕೂಡ ಕೇಳುವ ಎರಡು ಹಂತದ ಪರಿಶೀಲನೆ ಚಾಲೂ ಇರಲಿ. ಜೊತೆಗೆ ಸೆಟ್ಟಿಂಗ್ಸ್‌ಗೆ ಹೋಗಿ ನಾಲ್ಕು ಜಾಗ ನೋಡಿ: ಖಾತೆ ಯಾವ ಯಾವ ಫೋನು, ಕಂಪ್ಯೂಟರಿನಲ್ಲಿ ತೆರೆದಿದೆ, ಖಾತೆ ಮರಳಿ ಪಡೆಯಲು ಕೊಟ್ಟ ಫೋನ್ ನಂಬರ್ ಈಗಲೂ ನಿಮ್ಮದೇನಾ, ಬಂದ ಪತ್ರಗಳು ಬೇರೊಂದು ವಿಳಾಸಕ್ಕೆ ತಾನಾಗಿ ಫಾರ್ವರ್ಡ್ ಆಗುತ್ತಿವೆಯೇ, ಬಂದ ಪತ್ರಗಳನ್ನು ತಾನಾಗಿ ಬೇರೆಡೆ ಸಾಗಿಸುವ, ನೀವು ಹಾಕದ ಫಿಲ್ಟರ್ ಯಾವುದಾದರೂ ಇದೆಯೇ. ಬಹಳ ಮಂದಿ ಎಡವುವುದು ಎರಡನೆಯದರಲ್ಲಿ. ಐದು ವರ್ಷದ ಹಿಂದೆ ಬಿಟ್ಟ ನಂಬರನ್ನು ಫೋನ್ ಕಂಪನಿ ಇನ್ನೊಬ್ಬರಿಗೆ ಕೊಟ್ಟಿರುತ್ತದೆ, ಕೋಡ್ ಹೋಗುವುದು ಅವರಿಗೆ.

ಪಾಸ್‌ವರ್ಡ್ ಬಗ್ಗೆ ಹಳೆಯ ನಂಬಿಕೆಯೊಂದು ಇನ್ನೂ ಹೋಗಿಲ್ಲ: ಮೂರು ತಿಂಗಳಿಗೊಮ್ಮೆ ಬದಲಿಸಬೇಕು, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು ಎಂದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಈ ಸಲಹೆಯಿಂದ ಹಿಂದೆ ಸರಿಯಿತು. ಕಾರಣ ಸರಳ. ಬಲವಂತಕ್ಕೆ ಬದಲಿಸುವವರು ಕೊನೆಯ ಅಂಕಿಯನ್ನು ಒಂದಿದ್ದದ್ದು ಎರಡು ಮಾಡುತ್ತಾರೆ, ಅಷ್ಟೇ. ಸೋರಿಹೋಗಿದೆ ಎಂಬ ಗುಮಾನಿ ಬಂದಾಗ ಬದಲಿಸಿದರೆ ಸಾಕು. ಬೇಕಾದದ್ದು ಉದ್ದ, ಮತ್ತು ಒಂದೊಂದು ತಾಣಕ್ಕೂ ಒಂದೊಂದು ಪಾಸ್‌ವರ್ಡ್. ಲೆಕ್ಕ ನೋಡಿ. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳಿಂದ ಆಗುವ ಜೋಡಣೆಗಳು ಸುಮಾರು 20,880 ಕೋಟಿ. ಕೇಳಲು ದೊಡ್ಡದು. ಆದರೆ ಯಾವುದೋ ತಾಣ ಪಾಸ್‌ವರ್ಡುಗಳನ್ನು ಸಡಿಲವಾದ ವಿಧಾನದಲ್ಲಿ ಕೂಡಿಟ್ಟಿದ್ದು, ಆ ಕಡತ ಸೋರಿಹೋದರೆ, ಸೆಕೆಂಡಿಗೆ ನೂರಾರು ಕೋಟಿ ಊಹೆ ಮಾಡುವ ಗ್ರಾಫಿಕ್ಸ್ ಕಾರ್ಡುಗಳ ಮುಂದೆ ಇದು ಕೆಲವು ನಿಮಿಷದ ಮಾತು. ಅದೇ 7,776 ಪದಗಳ ಪಟ್ಟಿಯಿಂದ ದಾಳ ಉರುಳಿಸಿ ಆರಿಸಿದ ನಾಲ್ಕು ಪದ ಜೋಡಿಸಿದರೆ 36 ಕೋಟಿ ಕೋಟಿಗೂ ಮೀರಿದ ಸಾಧ್ಯತೆಗಳು, ಅಂದರೆ ಮೊದಲನೆಯದರ ಹದಿನೇಳು ಸಾವಿರ ಪಟ್ಟು. ಆರು ಪದವಾದರೆ ಊಹೆಯ ಆಟ ಅಲ್ಲಿಗೆ ಮುಗಿಯಿತು. ಪದಗಳನ್ನು ದಾಳವೇ ಆರಿಸಬೇಕು. ತಲೆಯಿಂದ ಆರಿಸಿದರೆ ಎಲ್ಲರ ತಲೆಗೂ ಬರುವುದು ಮಕ್ಕಳ ಹೆಸರು, ದೇವರ ಹೆಸರು, ಹುಟ್ಟಿದ ವರ್ಷ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ದೀರ್ಘಕ್ಕೆ ಎರಡು ‘ಎ’ ಹಾಕಿದೆನೋ ಒಂದೋ ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಲಿ. ಆರು ತಿಂಗಳ ನಂತರ ಬೀಗ ಬೀಳುವುದು ಅಲ್ಲೇ.

ಇಂಥ ನೂರು ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ, ನೆನಪಿಡುವ ಅಗತ್ಯವೂ ಇಲ್ಲ. ಅವನ್ನು ಬೀಗ ಹಾಕಿ ಕೂಡಿಟ್ಟು ಬೇಕಾದಾಗ ತಾನೇ ತುಂಬುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಸಾಫ್ಟ್‌ವೇರಿಗೆ ಬಿಡಿ; ಬ್ರೌಸರ್ ಅಥವಾ ಫೋನಿನ ಜೊತೆಗೇ ಬರುವುದಾದರೂ ಆದೀತು, ಆ ಯಂತ್ರಕ್ಕೆ ಸ್ಕ್ರೀನ್ ಲಾಕ್ ಇದ್ದರೆ. ನೆನಪಿಡಬೇಕಾದ್ದು ಮ್ಯಾನೇಜರಿನ ಮುಖ್ಯ ಪಾಸ್‌ವರ್ಡ್, ಇಮೇಲಿನದು, ಕಂಪ್ಯೂಟರಿನದು, ಈ ಮೂರು. ಇವನ್ನು ಕಾಗದದ ಮೇಲೆ ಬರೆದು ಮನೆಯ ಮುಖ್ಯ ಕಾಗದಪತ್ರಗಳ ಜೊತೆ ಇಡಿ. ಬರೆದಿಡಬಾರದು ಎಂಬ ನಿಯಮ ಮಾನಿಟರಿಗೆ ಅಂಟಿಸುವ ಚೀಟಿಗೆ ಮಾತ್ರ ಅನ್ವಯ. ಪರದೇಶದಲ್ಲಿ ಕೂತ ಕಳ್ಳನ ಕೈ ನಿಮ್ಮ ಬೀರುವಿಗೆ ಎಟಕುವುದಿಲ್ಲ.

ಮ್ಯಾನೇಜರಿನಿಂದ ಇನ್ನೊಂದು ಲಾಭವಿದೆ, ಅದನ್ನು ಯಾರೂ ಹೇಳುವುದಿಲ್ಲ. ಅದು ಪಾಸ್‌ವರ್ಡ್ ತುಂಬುವುದು ವಿಳಾಸ ಹೊಂದಿದರೆ ಮಾತ್ರ. ಬ್ಯಾಂಕಿನದೇ ಪಡಿಯಚ್ಚಿನಂಥ ನಕಲಿ ಪುಟ ಕಣ್ಣಿಗೆ ಮೋಸ ಮಾಡೀತು, ಮ್ಯಾನೇಜರಿಗೆ ಮಾಡಲಾರದು. ಅದು ಸುಮ್ಮನೆ ಕೂರುತ್ತದೆ. ದಿನವೂ ತಾನಾಗಿ ತುಂಬಿಕೊಳ್ಳುತ್ತಿದ್ದ ಜಾಗ ಇವತ್ತು ಖಾಲಿ ಕಂಡರೆ ನಕಲು ಮಾಡಿ ಅಂಟಿಸಲು ಹೋಗಬೇಡಿ. ವಿಳಾಸ ಓದಿ.

ವಿಳಾಸ ಓದುವುದಕ್ಕೂ ಒಂದು ರೀತಿ ಇದೆ, ಅದು ಎಡದಿಂದ ಅಲ್ಲ. ಆರಂಭದ ಎರಡು ಗೀಟು ದಾಟಿದ ಮೇಲೆ ಬರುವ ಮೊದಲ ಒಂಟಿ ಓರೆಗೀಟನ್ನು ಹಿಡಿಯಿರಿ, ಅಲ್ಲಿಂದ ಎಡಕ್ಕೆ ಬನ್ನಿ. ‘ನಿಮ್ಮಬ್ಯಾಂಕ್.ಕಾಮ್.ಖಾತೆ-ಪರಿಶೀಲನೆ.ಟಾಪ್/ಲಾಗಿನ್’ ಎಂದಿದ್ದರೆ ಆ ಪುಟದ ಯಜಮಾನ ‘ಖಾತೆ-ಪರಿಶೀಲನೆ.ಟಾಪ್’. ಮುಂದಿರುವ ಬ್ಯಾಂಕಿನ ಹೆಸರು ಬರೀ ತೋರಣ. ಯಾರು ಬೇಕಾದರೂ ತಮ್ಮ ಬಾಗಿಲಿಗೆ ಕಟ್ಟಿಕೊಳ್ಳಬಹುದು. ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಸಣ್ಣಕ್ಷರಗಳು ಒತ್ತಾಗಿ ಕೂತರೆ ‘ಎಂ’ ಆಗಿ ಕಾಣುತ್ತವೆ. ಫೋನಿನ ಸಣ್ಣ ಪರದೆಯಲ್ಲಂತೂ ಗುರುತು ಹತ್ತುವುದೇ ಇಲ್ಲ. ರಷ್ಯನ್ ಲಿಪಿಯ ‘ಎ’ಯನ್ನು ಇಂಗ್ಲಿಷ್ ‘ಎ’ಯ ಜಾಗದಲ್ಲಿ ಕೂರಿಸಿದರೆ ಕಣ್ಣಿನಿಂದ ಹಿಡಿಯಲು ಸಾಧ್ಯವೇ ಇಲ್ಲ. ಹಾಗಾಗಿ ಹಣದ ತಾಣಗಳಿಗೆ ಬಂದ ಲಿಂಕಿನಿಂದ ಹೋಗುವುದೇ ಬೇಡ. ಒಮ್ಮೆ ಸರಿಯಾಗಿ ಟೈಪ್ ಮಾಡಿ ಬುಕ್‌ಮಾರ್ಕ್ ಹಾಕಿ, ಆಮೇಲೆ ಅದೇ ದಾರಿ. ಇನ್ನು ಬೀಗದ ಚಿಹ್ನೆ ಇದ್ದರೆ ತಾಣ ಸಾಚಾ ಎಂದು ಇಂದಿಗೂ ಹೇಳಿಕೊಡುವವರಿದ್ದಾರೆ. ಬೀಗ ಹೇಳುವುದು ನಡುದಾರಿಯಲ್ಲಿ ಯಾರೂ ಓದುತ್ತಿಲ್ಲ ಎಂದಷ್ಟೇ, ಆ ತುದಿಯಲ್ಲಿ ಯಾರಿದ್ದಾರೆ ಎಂದಲ್ಲ. ಜನ ತಪ್ಪಾಗಿ ತಿಳಿಯುತ್ತಿದ್ದಾರೆಂದೇ ಗೂಗಲ್ ತನ್ನ ಕ್ರೋಮ್ ಬ್ರೌಸರಿನಿಂದ 2023ರಲ್ಲಿ ಆ ಚಿಹ್ನೆಯನ್ನು ತೆಗೆದುಹಾಕಿತು.

ಎರಡನೇ ಹಂತದ ಪರಿಶೀಲನೆ ಇಲ್ಲದಿರುವುದಕ್ಕಿಂತ ಎಸ್‌ಎಂಎಸ್‌ನಲ್ಲಿ ಬರುವ ಕೋಡ್ ಎಷ್ಟೋ ಮೇಲು. ಆದರೆ ನಿಮ್ಮ ಹೆಸರಿನಲ್ಲಿ ಹೊಸ ಸಿಮ್ ಪಡೆದವನಿಗೆ ಆ ಕೋಡೂ ಹೋಗುತ್ತದೆ. ಅದಕ್ಕಿಂತ ವಾಸಿ, ಫೋನಿನಲ್ಲೇ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪ್. ಅದು ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಮೊದಲ ದಿನ ಸ್ಕ್ಯಾನ್ ಮಾಡಿದ ಕ್ಯೂಆರ್ ಚೌಕದಲ್ಲಿದ್ದ ಗುಟ್ಟು ಮತ್ತು ಆ ಕ್ಷಣದ ಸಮಯ, ಎರಡನ್ನೂ ಸೇರಿಸಿ 30 ಸೆಕೆಂಡಿಗೊಮ್ಮೆ ಆರಂಕಿ ಹುಟ್ಟಿಸುತ್ತದೆ. ಕೋಡ್ ತಪ್ಪು ಎಂದು ಪದೇ ಪದೇ ಬಂದರೆ ಮೊದಲು ಫೋನಿನ ಗಡಿಯಾರ ನೋಡಿ. ಕೈಯಾರೆ ಸಮಯ ಹೊಂದಿಸಿಕೊಂಡವರಿಗೆ ಈ ತೊಂದರೆ ಸಾಮಾನ್ಯ. ಖಾತೆಗೆ ಸೇರಿಸುವ ದಿನವೇ ಕೊಡುವ ಬ್ಯಾಕಪ್ ಕೋಡುಗಳನ್ನು ಮುದ್ರಿಸಿ ಆ ಮೂರು ಪಾಸ್‌ವರ್ಡಿನ ಕಾಗದದ ಜೊತೆ ಇಡಿ. ಅದೇ ಫೋನಿನ ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಇಟ್ಟವರು ಫೋನ್ ಕಳೆದ ದಿನ ಎರಡನ್ನೂ ಕಳೆದುಕೊಳ್ಳುತ್ತಾರೆ.

ಆದರೂ ಆ ಆರಂಕಿಯನ್ನು ನಕಲಿ ಪುಟದಲ್ಲಿ ತುಂಬಿದರೆ ವಂಚಕನ ಯಂತ್ರ ಅದನ್ನು ಆ ಕ್ಷಣವೇ ಅಸಲಿ ತಾಣಕ್ಕೆ ದಾಟಿಸುತ್ತದೆ. ಇದಕ್ಕೆ ಉತ್ತರ ಪಾಸ್‌ಕೀ. ಬೆರಳಚ್ಚು ಅಥವಾ ಪಿನ್‌ನಿಂದ ತೆರೆಯುವ ಈ ಕೀಲಿ ಯಾವ ವಿಳಾಸಕ್ಕಾಗಿ ಹುಟ್ಟಿತೋ ಅಲ್ಲಿ ಮಾತ್ರ ತಿರುಗುತ್ತದೆ. ನಕಲಿ ಪುಟಕ್ಕೆ ಕೊಡೋಣವೆಂದರೂ ಕೊಡಲಾಗದು. ಈ ಸೌಲಭ್ಯ ಕಂಡಲ್ಲೆಲ್ಲ ಹಾಕಿಕೊಳ್ಳಿ. ಇನ್ನೊಂದು ಮಾತು: ನೀವು ಲಾಗಿನ್ ಆಗದೆಯೇ ‘ಒಪ್ಪಿಗೆ ಕೊಡಿ’ ಎಂಬ ಸೂಚನೆ ಫೋನಿಗೆ ಮತ್ತೆ ಮತ್ತೆ ಬರುತ್ತಿದೆಯೆಂದರೆ ಪಾಸ್‌ವರ್ಡ್ ಈಗಾಗಲೇ ಪರರ ಕೈಸೇರಿದೆ. ಕಾಟ ತಪ್ಪಲಿ ಎಂದು ನಿದ್ದೆಗಣ್ಣಲ್ಲಿ ‘ಹೌದು’ ಒತ್ತುವುದನ್ನೇ ಅವನು ಕಾಯುತ್ತಿದ್ದಾನೆ.

ಈಗ ಬಿಲ್ಲಿನ ವಿಚಾರಕ್ಕೆ ಬರುತ್ತೇನೆ. ಸಣ್ಣ ಉದ್ದಿಮೆಯನ್ನು ಒಂದೇ ಏಟಿಗೆ ಮಲಗಿಸುವುದು ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಸುರಿಯುವ ಹ್ಯಾಕಿಂಗ್ ಅಲ್ಲ, ಒಂದು ಸಭ್ಯ ಇಮೇಲ್. ನಿಮಗೆ ಸರಕು ಕೊಡುವವರ ಇಮೇಲ್ ಖಾತೆಗೆ ವಂಚಕ ಹೇಗೋ ನುಸುಳಿರುತ್ತಾನೆ. ನುಸುಳಿದ ದಿನ ಏನೂ ಮಾಡುವುದಿಲ್ಲ. ವಾರಗಟ್ಟಲೆ ಓದುತ್ತಾನೆ: ಯಾರು ಯಾರಿಗೆ ಬಿಲ್ ಕಳಿಸುತ್ತಾರೆ, ಯಾವ ತಾರೀಕಿಗೆ, ಮೊತ್ತ ಎಷ್ಟು, ಪತ್ರದ ಕೊನೆಗೆ ‘ವಂದನೆಗಳು’ ಎನ್ನುತ್ತಾರೋ ‘ಥ್ಯಾಂಕ್ಸ್’ ಎನ್ನುತ್ತಾರೋ. ‘ಪಾವತಿ’, ‘ಬ್ಯಾಂಕ್’ ಎಂಬ ಪದವಿರುವ ಉತ್ತರಗಳು ಇನ್‌ಬಾಕ್ಸಿಗೆ ಬಾರದೆ ಯಾರೂ ತೆರೆಯದ ಫೋಲ್ಡರಿಗೆ ಹೋಗಲಿ ಎಂದು ಫಿಲ್ಟರ್ ಹಾಕಿಡುತ್ತಾನೆ. ಮೇಲೆ ಫಿಲ್ಟರ್ ನೋಡಿ ಎಂದದ್ದು ಇದಕ್ಕೇ. ಬಿಲ್ ಹೊರಡುವ ದಿನ ಬರುತ್ತದೆ. ಅಸಲಿ ಬಿಲ್ಲಿನ ಪಿಡಿಎಫ್‌ನಲ್ಲಿ ಒಂದೇ ಸಾಲು ಬದಲಾಗುತ್ತದೆ: ಖಾತೆ ಸಂಖ್ಯೆ. ಮೊಹರು ಸರಿ, ಸಹಿ ಸರಿ, ಬಿಲ್ ಸಂಖ್ಯೆ ಸರಿ, ಮೊತ್ತ ಚುಕ್ಕಿಯ ಆಚೆಗಿನ ಅಂಕಿಯವರೆಗೂ ಸರಿ. ಜೊತೆಗೆ ಎರಡು ಸಾಲು: ‘ಲೆಕ್ಕಪರಿಶೋಧನೆ ನಡೆಯುತ್ತಿರುವುದರಿಂದ ಹಳೆಯ ಖಾತೆ ಸದ್ಯಕ್ಕೆ ಬಳಕೆಯಲ್ಲಿಲ್ಲ. ಈ ಬಾರಿಯ ಹಣವನ್ನು ಕೆಳಗಿನ ಖಾತೆಗೆ ಕಳಿಸಿಕೊಡಬೇಕಾಗಿ ವಿನಂತಿ.’ ಕಾಗುಣಿತ ತಪ್ಪಿದ್ದರೆ ಅನುಮಾನಿಸಿ ಎಂಬ ಹಳೆಯ ಸಲಹೆ ಇಲ್ಲಿ ನಿಲ್ಲುವುದಿಲ್ಲ. ಕೃತಕ ಬುದ್ಧಿಮತ್ತೆ ಬಂದ ಮೇಲೆ ವಂಚಕರ ಭಾಷೆ ನಮ್ಮ ನಿಮ್ಮ ಭಾಷೆಗಿಂತ ಚೊಕ್ಕವಾಗಿದೆ. ಕಳಿಸಿದ ವಿಳಾಸವೂ ಎಷ್ಟೋ ಸಲ ಅಸಲಿಯೇ, ಯಾಕೆಂದರೆ ಖಾತೆಯೇ ಅವನ ಕೈಯಲ್ಲಿದೆ.

ಇದು ತಿಳಿಯದವರಿಗೆ ಆಗುವ ಮೋಸ ಎಂದು ಭಾವಿಸಬೇಡಿ. ಲಿಥುವೇನಿಯಾದ ಒಬ್ಬಾತ ತೈವಾನಿನ ಯಂತ್ರಾಂಶ ತಯಾರಕರ ಹೆಸರಿನಲ್ಲಿ ಸುಳ್ಳು ಬಿಲ್ ಕಳಿಸಿ, 2013ರಿಂದ 2015ರ ನಡುವೆ ಗೂಗಲ್ ಮತ್ತು ಫೇಸ್‌ಬುಕ್‌ನಿಂದಲೇ 10 ಕೋಟಿ ಡಾಲರಿಗೂ ಹೆಚ್ಚು ತರಿಸಿಕೊಂಡಿದ್ದ. 2019ರಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ ಐದು ವರ್ಷ ಸಜೆ ವಿಧಿಸಿತು.

ತಡೆಯಲು ಯಾವ ಸಾಫ್ಟ್‌ವೇರೂ ಬೇಡ. ಕಚೇರಿಯಲ್ಲಿ ಒಂದು ಕಟ್ಟುನಿಟ್ಟು ಸಾಕು: ಖಾತೆ ಸಂಖ್ಯೆ ಬದಲಾಗಿದೆ ಎಂಬ ಸುದ್ದಿ ಯಾವ ದಾರಿಯಲ್ಲಿ ಬಂದರೂ, ಮೊದಲಿನಿಂದ ನಿಮ್ಮ ಪುಸ್ತಕದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ, ಪರಿಚಿತ ದನಿಯಿಂದ ಕೇಳಿಕೊಳ್ಳುವವರೆಗೆ ಹಣ ಹೊರಡಬಾರದು. ಆ ಇಮೇಲಿನ ಕೆಳಗಿರುವ ನಂಬರಿಗಲ್ಲ, ಅದು ಅವನದೇ. ‘ಖಾತೆ ಬದಲಾಗಿದೆಯೇ’ ಎಂದಷ್ಟೇ ಕೇಳದೆ ‘ಹೊಸ ಸಂಖ್ಯೆ ಓದಿ ಹೇಳಿ’ ಎನ್ನಿ. ಹೊಸ ಖಾತೆಗೆ ಮೊದಲ ಸಲ ಸಣ್ಣ ಮೊತ್ತ ಹಾಕಿ, ತಲುಪಿತೆಂದು ಅದೇ ಹಳೆಯ ನಂಬರಿನಲ್ಲಿ ಕೇಳಿ, ಆಮೇಲೆ ಮಿಕ್ಕದ್ದು. ಇಂತಿಷ್ಟು ಮೊತ್ತ ದಾಟಿದರೆ ಪಾವತಿಯ ವಿವರ ತುಂಬುವವರು ಒಬ್ಬರು, ಒಪ್ಪಿಗೆ ಒತ್ತುವವರು ಇನ್ನೊಬ್ಬರು. ಇಬ್ಬರೇ ಇರುವ ಕಚೇರಿಯಲ್ಲೂ ಇದು ನಡೆಯುತ್ತದೆ.

ಇದರ ಇನ್ನೊಂದು ಮುಖ ‘ಮಾಲೀಕರ ಆದೇಶ’. ‘ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ, ಈ ಹಣ ಕೂಡಲೇ ಹೋಗಬೇಕು, ಯಾರಿಗೂ ಹೇಳಬೇಡಿ.’ ತುರ್ತು, ಗುಟ್ಟು, ಫೋನ್ ಬೇಡ: ಈ ಮೂರು ಒಂದೇ ಸಂದೇಶದಲ್ಲಿ ಕೂಡಿದರೆ ಅದು ವಂಚನೆಯೇ. ದನಿ ಕೇಳಿದೆ, ಮುಖ ನೋಡಿದೆ ಎಂಬುದೂ ಈಗ ಪುರಾವೆಯಲ್ಲ. ಹಾಂಗ್‌ಕಾಂಗ್‌ನಲ್ಲಿ ಕಂಪನಿಯೊಂದರ ಹಣಕಾಸು ನೌಕರರು ವಿಡಿಯೊ ಕರೆಯಲ್ಲಿ ಮೇಲಧಿಕಾರಿ, ಸಹೋದ್ಯೋಗಿಗಳನ್ನೆಲ್ಲ ಕಣ್ಣಾರೆ ಕಂಡು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿದ್ದು 2024ರ ಆರಂಭದಲ್ಲಿ ಬಯಲಾಯಿತು. ಪರದೆಯ ಮೇಲಿದ್ದವರೆಲ್ಲ ಕಂಪ್ಯೂಟರ್ ಕಟ್ಟಿದ ವೇಷಗಳು. ಹಾಗಾಗಿ ಮಾಲೀಕರಿಗೆ ಒಂದು ಮಾತು. ‘ಸರ್, ಕರೆ ಮುಗಿಸಿ ನಾನೇ ನಿಮಗೆ ಫೋನ್ ಮಾಡುತ್ತೇನೆ’ ಎನ್ನುವ ನೌಕರನ ಮೇಲೆ ನೀವು ಒಮ್ಮೆ ರೇಗಿದರೂ ಈ ಏರ್ಪಾಡು ಸತ್ತಂತೆ. ಆಮೇಲೆ ಯಾರೂ ಕೇಳುವುದಿಲ್ಲ.

ನಿಮ್ಮ ಹೆಸರಿನಲ್ಲಿ ಗ್ರಾಹಕರಿಗೆ ಸುಳ್ಳು ಬಿಲ್ ಹೋಗದಂತೆಯೂ ನೋಡಬೇಕಲ್ಲ. ಸ್ವಂತ ಡೊಮೇನಿನಿಂದ ಇಮೇಲ್ ಕಳಿಸುವವರು ಅದರ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನಿನ ವಿವರಗಳಿರುವ ಸಾರ್ವಜನಿಕ ಪಟ್ಟಿಯಲ್ಲಿ, ಮೂರು ದಾಖಲೆ ಇಡಬೇಕು. ಎಸ್‌ಪಿಎಫ್, ನಮ್ಮ ಪರವಾಗಿ ಕಳಿಸಬಹುದಾದ ಸರ್ವರುಗಳು ಇವು ಎನ್ನುತ್ತದೆ. ಡಿಕಿಮ್, ಪತ್ರಕ್ಕೆ ಡಿಜಿಟಲ್ ಮೊಹರು ಹಾಕುತ್ತದೆ. ಡಿಮಾರ್ಕ್, ಎರಡೂ ಹೊಂದದಿದ್ದರೆ ಆ ಪತ್ರವನ್ನು ಏನು ಮಾಡಬೇಕೆಂದು ಪಡೆಯುವವರಿಗೆ ತಿಳಿಸುತ್ತದೆ. ಹೆಚ್ಚಾಗಿ ಕೆಡುವುದು ಹೀಗೆ: ಒಂದು ಡೊಮೇನಿಗೆ ಎರಡು ಎಸ್‌ಪಿಎಫ್ ದಾಖಲೆ ಹಾಕಿಬಿಡುತ್ತಾರೆ, ಆಗ ಎರಡೂ ನಿಷ್ಪ್ರಯೋಜಕ, ಇರುವ ಒಂದರಲ್ಲೇ ಸೇರಿಸಬೇಕು. ಅದರೊಳಗಿನ ಡಿಎನ್‌ಎಸ್ ವಿಚಾರಣೆಗಳು ಹತ್ತು ದಾಟಿದರೂ ಪರಿಶೀಲನೆ ಸೋಲುತ್ತದೆ. ಬಿಲ್ ಕಳಿಸುವ ಸಾಫ್ಟ್‌ವೇರಿನ ಸರ್ವರ್ ಸೇರಿಸಲು ಮರೆತು, ಡಿಮಾರ್ಕನ್ನು ಮೊದಲ ದಿನವೇ ‘ತಿರಸ್ಕರಿಸು’ ಎಂದಿಟ್ಟರೆ ನಿಮ್ಮದೇ ಬಿಲ್ಲುಗಳು ಕಣ್ಮರೆಯಾಗುತ್ತವೆ. ಮೊದಲು ‘ಏನೂ ಮಾಡಬೇಡ, ವರದಿ ಮಾತ್ರ ಕಳಿಸು’ ಎಂದಿಡಿ, ಕೆಲವು ವಾರ ವರದಿ ನೋಡಿ, ಆಮೇಲೆ ಬಿಗಿ ಮಾಡಿ. ಇಷ್ಟಾದರೂ ಒಂದಕ್ಷರ ಬದಲಿಸಿ ಕೊಂಡ ಹೋಲಿಕೆಯ ಡೊಮೇನನ್ನು ಇದು ತಡೆಯುವುದಿಲ್ಲ. ಅದಕ್ಕೇ ಪ್ರತಿ ಬಿಲ್ಲಿನ ಅಡಿಯಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾದರೆ ಇಮೇಲಿನಲ್ಲಿ ತಿಳಿಸುವುದಿಲ್ಲ’ ಎಂದು ಅಚ್ಚುಹಾಕಿಸಿ. ಡೊಮೇನ್ ನಿಮ್ಮ ಹೆಸರಿನಲ್ಲೇ ಇದೆಯೇ, ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿದೆಯೇ ಎಂದು ಇವತ್ತೇ ನೋಡಿ. ಅವರು ಊರು ಬಿಟ್ಟ ಮೇಲೆ ನವೀಕರಣದ ನೋಟಿಸ್ ಯಾರಿಗೆ ಹೋಗುತ್ತದೆ?

ಕಂಪ್ಯೂಟರಿಗೆ ಮಾಲ್‌ವೇರ್ (ಹಾನಿಕಾರಕ ಸಾಫ್ಟ್‌ವೇರ್) ನುಗ್ಗಿಸುವ ಹೊಸ ದಾರಿಯೊಂದನ್ನು ಎಲ್ಲರೂ ತಿಳಿದಿರಬೇಕು. ಯಾವುದೋ ಪುಟ ತೆರೆದಾಗ ‘ನೀವು ಮನುಷ್ಯರೆಂದು ಖಚಿತಪಡಿಸಿ’ ಎಂಬ ಪರಿಚಿತ ಚೌಕ. ಒತ್ತಿದರೆ ಮೂರು ಹೆಜ್ಜೆ ಹೇಳುತ್ತದೆ: ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ, ಕಂಟ್ರೋಲ್ ಜೊತೆ ‘ವಿ’ ಒತ್ತಿ, ಎಂಟರ್ ಒತ್ತಿ. ಮೊದಲ ಕ್ಲಿಕ್ಕಿಗೇ ಆ ಪುಟ ನಿಮ್ಮ ಕ್ಲಿಪ್‌ಬೋರ್ಡಿಗೆ, ಅಂದರೆ ನಕಲು ಮಾಡಿದ್ದು ಅಂಟಿಸುವವರೆಗೆ ಕೂತಿರುವ ಜಾಗಕ್ಕೆ, ಒಂದು ಆದೇಶ ತುಂಬಿರುತ್ತದೆ. ಆ ಮೂರು ಹೆಜ್ಜೆಯಲ್ಲಿ ನಿಮ್ಮ ಕೈಯಿಂದಲೇ ಅದನ್ನು ನಡೆಸಿಕೊಳ್ಳುತ್ತದೆ. ಫೈಲ್ ಡೌನ್‌ಲೋಡ್ ಮಾಡಿದಂತೆ ಕಾಣದ ಕಾರಣ ಆಂಟಿವೈರಸ್ ಕೂಡ ಎಷ್ಟೋ ಸಲ ಬಾಯಿ ಬಿಡುವುದಿಲ್ಲ. ಯಾವ ಅಸಲಿ ಪರೀಕ್ಷೆಯೂ ಈ ಕೀಲಿಗಳನ್ನು ಒತ್ತಲು ಕೇಳುವುದಿಲ್ಲ. ಇದರ ತಮ್ಮನೇ ಪರದೆ ಹಂಚುವ ಆ್ಯಪ್ ಹಾಕಿಸುವ ‘ಗ್ರಾಹಕ ಸೇವೆ’. ಸಹಾಯವಾಣಿ ನಂಬರನ್ನು ಹುಡುಕುತಾಣದಲ್ಲಿ ಹುಡುಕಿದರೆ ಮೇಲೆ ಬರುವುದು ಹಣ ಕೊಟ್ಟು ಹಾಕಿಸಿದ ಜಾಹೀರಾತು ಆಗಿರಬಹುದು. ಕಾರ್ಡಿನ ಹಿಂದೆ, ಪಾಸ್‌ಬುಕ್ಕಿನಲ್ಲಿ, ಯಂತ್ರದ ಡಬ್ಬಿಯ ಮೇಲೆ ಅಚ್ಚಾದ ನಂಬರೇ ನಂಬರು.

ಅಪ್‌ಡೇಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎರಡು ತಾರೀಕು ಸಾಕು. ವಿಂಡೋಸಿನ ಒಂದು ತೂತಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟಿದ್ದು 2017ರ ಮಾರ್ಚ್ 14ಕ್ಕೆ. ಅದೇ ತೂತಿನಿಂದ ನುಗ್ಗಿದ ವಾನಾಕ್ರೈ ಎಂಬ ಮಾಲ್‌ವೇರ್ ಹರಡಿದ್ದು ಮೇ 12ಕ್ಕೆ, ನೂರೈವತ್ತು ದೇಶಗಳಲ್ಲಿ. ನಡುವೆ ಎಂಟು ವಾರ ಇತ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಿಲ್ ಮಾಡುವ ಯಂತ್ರ ಯಾವುದರಲ್ಲಿ ಓಡುತ್ತಿದೆ ನೋಡಿಕೊಳ್ಳಿ. ರೂಟರನ್ನೂ ಮರೆಯಬೇಡಿ. ವೈಫೈ ಪಾಸ್‌ವರ್ಡ್ ಬೇರೆ, ರೂಟರಿನ ಒಳಹೊಕ್ಕು ಸೆಟ್ಟಿಂಗ್ ಬದಲಿಸುವ ಅಡ್ಮಿನ್ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ಯಾರೂ ಬದಲಿಸುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಕಾರ್ಖಾನೆಯಿಂದಲೇ ಬಂದ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಹಿಡಿದು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಮಾಡಿಕೊಂಡಿತು. ಗ್ರಾಹಕರಿಗೆ ಕೊಡುವ ವೈಫೈ, ಕಣ್ಗಾವಲು ಕ್ಯಾಮೆರಾ ಇವು ರೂಟರಿನಲ್ಲಿ ಬೇರೆಯಾಗಿಡುವ ಗೆಸ್ಟ್ ನೆಟ್‌ವರ್ಕಿನಲ್ಲಿರಲಿ, ಲೆಕ್ಕದ ಕಂಪ್ಯೂಟರಿನ ಜೊತೆಗಲ್ಲ. ‘ನಾವು ಸಣ್ಣವರು, ನಮ್ಮನ್ನು ಯಾರು ಹುಡುಕಿ ಬರುತ್ತಾರೆ’ ಎನ್ನುವವರು ಇದನ್ನು ಗಮನಿಸಲಿ: 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ 4 ಕೋಟಿ ಕಾರ್ಡುಗಳ ವಿವರ ಕದ್ದವರು ಒಳನುಗ್ಗಿದ್ದು ಹವಾನಿಯಂತ್ರಣದ ಕೆಲಸ ಮಾಡುತ್ತಿದ್ದ ಸಣ್ಣ ಗುತ್ತಿಗೆದಾರರ ಲಾಗಿನ್ ಕದ್ದು.

ಬ್ಯಾಕಪ್ ಇದೆಯೇ ಎಂದರೆ ಎಲ್ಲರೂ ‘ಇದೆ’ ಎನ್ನುತ್ತಾರೆ. ಯಾವಾಗ ಮರಳಿ ತೆರೆದು ನೋಡಿದಿರಿ ಎಂದರೆ ಮೌನ. ಕಡತಗಳನ್ನೆಲ್ಲ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಮೊದಲು ಹುಡುಕುವುದೇ ಬ್ಯಾಕಪ್ಪನ್ನು. ಸದಾ ಚುಚ್ಚಿಕೊಂಡೇ ಇರುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅದಕ್ಕೆ ಇನ್ನೊಂದು ಡ್ರೈವ್ ಅಷ್ಟೇ, ಅದಕ್ಕೂ ಬೀಗ ಬೀಳುತ್ತದೆ. ಕ್ಲೌಡ್‌ನಲ್ಲಿ ತಾನಾಗಿ ಸಿಂಕ್ ಆಗುವ ಫೋಲ್ಡರ್ ಬ್ಯಾಕಪ್ ಅಲ್ಲ: ಇಲ್ಲಿ ಕೆಟ್ಟದ್ದು ನಿಮಿಷದಲ್ಲಿ ಅಲ್ಲೂ ಕೆಡುತ್ತದೆ, ಹಳೆಯ ಆವೃತ್ತಿ ಉಳಿಸುವ ಸೌಲಭ್ಯ ಇದ್ದರೆ ಬಚಾವು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ ಎಂಬ 3-2-1 ಸೂತ್ರ ಹಳೆಯದು, ಈಗಲೂ ಸರಿಯಾದದ್ದು. ಕೈಗೆಟಕುವಂತೆ ಮಾಡಲು ಎರಡು ಡಿಸ್ಕ್ ತನ್ನಿ, ಮೇಲೆ ‘ಸಮ’, ‘ಬೆಸ’ ಎಂದು ಬರೆಯಿರಿ. ವಾರ ಬಿಟ್ಟು ವಾರ ಒಂದೊಂದಕ್ಕೆ ನಕಲಿಳಿಸಿ, ಮುಗಿದ ತಕ್ಷಣ ತಂತಿ ಕಿತ್ತು, ಒಂದು ಯಾವಾಗಲೂ ಕಚೇರಿಯ ಆಚೆ ಇರಲಿ. ಲೆಕ್ಕದ ಸಾಫ್ಟ್‌ವೇರ್ ತೆರೆದಿರುವಾಗಲೇ ಅದರ ಫೋಲ್ಡರನ್ನು ಎಳೆದು ಹಾಕಿದರೆ ದತ್ತಾಂಶ ಅರ್ಧಂಬರ್ಧ ಬಂದು ಮುಂದೆ ತೆರೆಯದೇ ಹೋಗಬಹುದು. ಸಾಫ್ಟ್‌ವೇರಿನೊಳಗಿನ ಬ್ಯಾಕಪ್ ಆಯ್ಕೆಯನ್ನೇ ಬಳಸಿ, ಸಾಫ್ಟ್‌ವೇರಿನ ಆವೃತ್ತಿ ಸಂಖ್ಯೆ ಮತ್ತು ಲೈಸೆನ್ಸನ್ನೂ ಬರೆದಿಡಿ. ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಕಳೆದ ತಿಂಗಳ ಯಾವುದಾದರೂ ಒಂದು ಬಿಲ್ ಓದಿ ನೋಡಿ. ಎಷ್ಟು ದಿನಕ್ಕೊಮ್ಮೆ ಮಾಡಬೇಕು ಎಂದು ಕೇಳುವವರಿಗೆ ಮರುಪ್ರಶ್ನೆ: ಎಷ್ಟು ದಿನದ ಲೆಕ್ಕವನ್ನು ಕೈಯಾರೆ ಮತ್ತೆ ಬರೆಯಲು ನೀವು ತಯಾರಿದ್ದೀರಿ?

ನೌಕರಿ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಬೇಕು, ಎಲ್ಲರೂ ಒಂದೇ ಲಾಗಿನ್ ಹಂಚಿಕೊಳ್ಳುವ ಪದ್ಧತಿ ಬಿಡಬೇಕು. ಇವು ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ.

ಇಷ್ಟೆಲ್ಲ ಮಾಡಿಯೂ ಏಟು ಬಿದ್ದರೆ? ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಪೂರ್ತಿ ನಿಜವಲ್ಲ. ಮೊದಲ ಗಂಟೆಯಲ್ಲಿ ಹಾಕಿದ ಬಾಗಿಲಿನಿಂದ ಉಳಿಯುವುದು ಬಹಳ. ಹಣ ಹೋಗಿದ್ದರೆ ಮೊದಲ ಕರೆ ಬ್ಯಾಂಕಿಗೆ: ಹಣ ತಡೆಹಿಡಿಯಲು ಪಡೆದವನ ಬ್ಯಾಂಕಿಗೆ ತಿಳಿಸಿ ಎಂದು ಸ್ಪಷ್ಟವಾಗಿ ಕೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಅನಂತರ ಪೊಲೀಸರಿಗೆ. ಕಂಪ್ಯೂಟರಿಗೆ ಏಟು ಬಿದ್ದಿದ್ದರೆ ನೆಟ್‌ವರ್ಕ್ ತಂತಿ ಕೀಳಿ, ವೈಫೈ ಆರಿಸಿ. ಪಾಸ್‌ವರ್ಡ್ ಬದಲಿಸುವುದು ಆ ಯಂತ್ರದಿಂದಲ್ಲ, ಬೇರೆ ಶುದ್ಧ ಯಂತ್ರದಿಂದ. ಬದಲಿಸಿದ ಮಾತ್ರಕ್ಕೆ ಒಳಗಿರುವವನು ಹೊರಬೀಳುತ್ತಾನೆಂದಲ್ಲ. ‘ಎಲ್ಲ ಸಾಧನಗಳಿಂದ ಲಾಗ್‌ಔಟ್’ ಎಂಬುದನ್ನೂ ಒತ್ತಬೇಕು, ಖಾತೆಗೆ ಜೋಡಿಸಿದ ಅಪರಿಚಿತ ಆ್ಯಪ್‌ಗಳನ್ನು ತೆಗೆಯಬೇಕು, ಆ ಫಿಲ್ಟರ್ ಮತ್ತು ಫಾರ್ವರ್ಡ್ ಜಾಗಗಳನ್ನು ಮತ್ತೆ ನೋಡಬೇಕು. ನಾಚಿಕೆಯಿಂದ ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ಬೀಗ ಬಿದ್ದ ಕಡತಗಳನ್ನೂ ಎಸೆಯಬೇಡಿ. ಯುರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ಡಚ್ ಪೊಲೀಸರು ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ್‍ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿ ಸಿಗುತ್ತದೆ. ಇವತ್ತು ಇಲ್ಲದ್ದು ಮುಂದೊಂದು ದಿನ ಬರಬಹುದು.

ಇನ್ನೊಂದು ವಿಷಯ, ಇದು ಪತ್ರಿಕೆಗಳಿಗೆ ಸಂಬಂಧಿಸಿದ್ದು. ಮೋಸಹೋದವರಿಗೆ ಕೆಲವು ದಿನಗಳಲ್ಲಿ ಇನ್ನೊಂದು ಫೋನ್ ಬರುತ್ತದೆ: ‘ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಿಕೊಳ್ಳಲು ಇಷ್ಟು ಶುಲ್ಕ ಕಟ್ಟಿ.’ ಕರೆ ಮಾಡಿದವನಿಗೆ ಹೆಸರು ಗೊತ್ತಿರುತ್ತದೆ, ಹೋದ ಮೊತ್ತ ಗೊತ್ತಿರುತ್ತದೆ, ತಾರೀಕು ಗೊತ್ತಿರುತ್ತದೆ, ಆದ್ದರಿಂದಲೇ ನಂಬಿಕೆ ಬರುತ್ತದೆ. ಈ ಮೂರೂ ಒಟ್ಟಿಗೆ ಸಿಗುವ ಜಾಗಗಳಲ್ಲಿ ವಂಚನೆಯ ಸುದ್ದಿಯೂ ಒಂದು. ಮೊತ್ತ ಹಾಕಿ, ಮೋಸದ ರೀತಿಯನ್ನು ಇನ್ನಷ್ಟು ವಿವರವಾಗಿ ಹಾಕಿ. ಕಳೆದುಕೊಂಡವರ ಹೆಸರನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ